ಮೋಜಿಲ್ಲದ ಆಟ

‘ಆಟ’ ಎಂಬುದು ಕನ್ನಡದ ಬಹು ಉದಾರವಾದ ಮಾತುಗಳಲ್ಲಿ ಒಂದು. ಮಗು ಗೋಲಿ ಉರುಳಿಸಿದರೂ ಆಟ; ದೊಡ್ಡವರು ಚದುರಂಗದ ಹಾಸಿನ ಮುಂದೆ ಹುಬ್ಬು ಗಂಟಿಕ್ಕಿ ಕುಳಿತರೂ ಆಟ. ಕರಾವಳಿಯಲ್ಲಿ ‘ಇವತ್ತು ರಾತ್ರಿ ಆಟ ಉಂಟು’ ಎಂದರೆ ಯಕ್ಷಗಾನವಿದೆ ಎಂದೇ ಅರ್ಥ. ಘಟ್ಟದ ಮೇಲೆ ಬಂದರೆ ಬಯಲಾಟ, ದೊಡ್ಡಾಟ, ಸಣ್ಣಾಟ, ತೊಗಲುಗೊಂಬೆಯಾಟ. ಕರ್ಣನ ಅವಸಾನವನ್ನು ತೋರುವ ಪ್ರಸಂಗವೂ ಆಟವೇ. ಎಳೆಯ ಅಭಿಮನ್ಯುವನ್ನು ಮಹಾರಥರು ಮುತ್ತಿ ಕೊಲ್ಲುವುದೂ ಆಟವೇ. ಬೆಳಗಿನ ಜಾವ ಕಣ್ಣೊರೆಸಿಕೊಂಡು ಮನೆಗೆ ಮರಳುವ ಪ್ರೇಕ್ಷಕನನ್ನು ತಡೆದು ‘ಮೋಜಾಗಿತ್ತೆ?’ ಎಂದು ಕೇಳಿದರೆ ಅವನು ನಮ್ಮನ್ನು ವಿಚಿತ್ರವಾಗಿ ನೋಡಿಯಾನು. ‘ಆಟ ಚೆನ್ನಾಗಿತ್ತು’ ಎಂದು ಅವನು ಹೇಳಬಹುದು. ಮೋಜಿನ ಮಾತು ಅವನ ಬಾಯಲ್ಲಿ ಬಾರದು.

ಹೀಗಿದ್ದರೂ, ಕಂಪ್ಯೂಟರಿನ ತೆರೆಯ ಮೇಲೆ ಆಡುವ ವಿಡಿಯೊ ಆಟಗಳ ವಿಷಯ ಬಂದಾಗ ನಾವೆಲ್ಲ ಕೇಳುವುದು ಅದೊಂದೇ ಪ್ರಶ್ನೆ. ಆಡುವ ಹುಡುಗರು ‘ಮೋಜು ಕೊಡುತ್ತದೆ, ಅಷ್ಟು ಸಾಲದೆ?’ ಎನ್ನುತ್ತಾರೆ. ಗದರಿಸುವ ಹಿರಿಯರು ‘ಬರೀ ಮೋಜು, ಓದು ಹಾಳು’ ಎನ್ನುತ್ತಾರೆ. ಇಬ್ಬರದೂ ಎದುರುಬದುರು ಪಕ್ಷವೆಂದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವವಾಗಿ ಒಂದು ಮಾತಿನಲ್ಲಿ ಇಬ್ಬರಿಗೂ ಪೂರ್ಣ ಒಪ್ಪಿಗೆ ಇದೆ: ಈ ಆಟಗಳಿಗೆ ಮೋಜಲ್ಲದೆ ಬೇರೆ ಪ್ರಯೋಜನವಿಲ್ಲ ಎಂಬುದು. ಈ ಒಪ್ಪಿಗೆ ಸರಿಯೆ ಎಂದು ವಿಚಾರ ಮಾಡುವುದು ಇಂದಿನ ಭಾಷಣದ ಉದ್ದೇಶ.

ಮೊದಲು, ಈ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ನೋಡೋಣ. 1972ರಲ್ಲಿ ಅಮೆರಿಕದ ಅಟಾರಿ ಎಂಬ ಸಂಸ್ಥೆ ‘ಪಾಂಗ್’ ಎಂಬ ಯಂತ್ರವನ್ನು ತಯಾರಿಸಿತು. ಕಪ್ಪು ತೆರೆ, ಎರಡು ಬಿಳಿಯ ಪಟ್ಟಿ, ನಡುವೆ ಓಡಾಡುವ ಒಂದು ಚುಕ್ಕೆ; ಮೇಜಿನ ಟೆನಿಸ್ ಆಟದ ನೆರಳು ಎಂದರೆ ಸಾಕು. ಕ್ಯಾಲಿಫೋರ್ನಿಯದ ಸನ್ನಿವೇಲ್ ಊರಿನ ಒಂದು ಪಾನಗೃಹದಲ್ಲಿ ಅದನ್ನು ಪರೀಕ್ಷೆಗೆಂದು ಇಟ್ಟರು. ಕೆಲವು ದಿನಗಳಲ್ಲಿ ಯಂತ್ರ ಕೆಟ್ಟಿದೆಯೆಂದು ದೂರು ಬಂತು. ಅದನ್ನು ರೂಪಿಸಿದ ಆಲನ್ ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ, ಒಳಗಿನ ಡಬ್ಬಿಯಲ್ಲಿ ನಾಣ್ಯ ತುಂಬಿ ತುಳುಕಿದ್ದೇ ಕಾರಣವಾಗಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ವಿಡಿಯೊ ಆಟ ವ್ಯಾಪಾರವಾಗಿ ಕಣ್ಣು ತೆರೆದದ್ದು ಹೀಗೆ, ನಾಣ್ಯದ ಸದ್ದಿನೊಡನೆ. ಯಂತ್ರದ ಧರ್ಮ ಸರಳ: ಆಡುವವನು ಬೇಗ ಸೋಲಬೇಕು, ಸೋತೊಡನೆ ಮತ್ತೊಂದು ನಾಣ್ಯ ಹಾಕುವ ಮನಸ್ಸಾಗಬೇಕು. ಆ ಮನಸ್ಸಿಗೆ ಇಟ್ಟ ಹೆಸರು ಮೋಜು. ಅದು ವ್ಯಾಪಾರದ ಅಳತೆಗೋಲು. ಕಲೆಯ ಅಳತೆಗೋಲೂ ಅದೇ ಆಗಬೇಕೆಂಬ ನಿಯಮವನ್ನು ಯಾರೂ ಮಾಡಿರಲಿಲ್ಲ.

ಆಟವನ್ನು ಕುರಿತು ಆಳವಾಗಿ ಚಿಂತಿಸಿದವರಲ್ಲಿ ಹಾಲೆಂಡಿನ ಇತಿಹಾಸಕಾರ ಯೊಹಾನ್ ಹೌಯಿಜಿಂಗ ಅಗ್ರಗಣ್ಯರು. 1938ರಲ್ಲಿ ಪ್ರಕಟವಾದ ‘ಹೋಮೊ ಲುಡೆನ್ಸ್’, ಎಂದರೆ ‘ಆಡುವ ಮಾನವ’, ಎಂಬ ಗ್ರಂಥದಲ್ಲಿ ಅವರು ನ್ಯಾಯಾಲಯ, ಯುದ್ಧ, ಕಾವ್ಯ, ಪೂಜೆ ಇವೆಲ್ಲವುಗಳ ಬೇರಿನಲ್ಲಿ ಆಟದ ಅಂಶವನ್ನು ಕಂಡರು. ಇಂಗ್ಲಿಷಿನ ‘ಫನ್’ ಎಂಬ ಮಾತಿಗೆ ತಾವು ಬಲ್ಲ ಬೇರೆ ಆಧುನಿಕ ಭಾಷೆಗಳಲ್ಲಿ ಸರಿಸಮನಾದ ಮಾತಿಲ್ಲವೆಂದೂ ಅಲ್ಲಿ ಅವರು ಗಮನಿಸಿದ್ದಾರೆ. ನಮಗೂ ಹಾಗೆಯೇ. ಮೋಜು, ಮಜಾ, ಗಮ್ಮತ್ತು, ವಿನೋದ, ಖುಷಿ ಎಂದು ಐದಾರು ಮಾತುಗಳನ್ನು ಮುಂದಿಟ್ಟರೂ ಅರ್ಥ ಪೂರ್ತಿ ತುಂಬುವುದಿಲ್ಲ. ಅಷ್ಟೇ ಮುಖ್ಯವಾದ ಅವರ ಇನ್ನೊಂದು ವಿಚಾರವಿದೆ. ಆಟಕ್ಕೂ ಗಾಂಭೀರ್ಯಕ್ಕೂ ವಿರೋಧವಿಲ್ಲ. ಆಡುವ ಮಗುವಿನಷ್ಟು ಗಂಭೀರ ಜೀವಿ ಬೇರೊಂದಿಲ್ಲ. ಮರಳಿನ ಮನೆ ಕಟ್ಟುತ್ತಿರುವ ಮಗುವನ್ನು ಊಟಕ್ಕೆ ಎಬ್ಬಿಸಲು ಹೋದ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಉದಾಹರಣೆಗೆ ಬರುತ್ತೇನೆ. ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಕಂಪ್ಯೂಟರಿನ ಮುಂದೆ ಮುಖ ಗಂಟಿಕ್ಕಿ ಕುಳಿತಿದ್ದಳು. ‘ಏನಮ್ಮಾ, ಅಷ್ಟು ಮಜವಾಗಿದೆಯೆ?’ ಎಂದು ಕೇಳಿದೆ. ‘ಮಜಾ ಏನೂ ಇಲ್ಲ ತಾತ. ಆದ್ರೂ ಬಿಡಕ್ಕಾಗ್ತಿಲ್ಲ’ ಎಂದಳು. ಆ ಉತ್ತರ ನನ್ನ ಕುತೂಹಲವನ್ನು ಕೆರಳಿಸಿತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಮಾರನೆಯ ದಿನ ನಾನೇ ಆಡಿದೆ.

ಆ ಆಟದ ಹೆಸರು ‘ಪೇಪರ್ಸ್, ಪ್ಲೀಸ್’. ‘ದಯವಿಟ್ಟು ಕಾಗದಗಳನ್ನು ತೋರಿಸಿ’ ಎಂದು ಕನ್ನಡಿಸಬಹುದು. ಲ್ಯೂಕಸ್ ಪೋಪ್ ಎಂಬ ಅಮೆರಿಕನ್ ತಂತ್ರಜ್ಞ ದೊಡ್ಡ ಸಂಸ್ಥೆಯ ಕೆಲಸ ಬಿಟ್ಟು, ಜಪಾನಿನಲ್ಲಿ ನೆಲೆಸಿ, ಬಹುಮಟ್ಟಿಗೆ ಒಬ್ಬರೇ ರಚಿಸಿ 2013ರಲ್ಲಿ ಹೊರತಂದದ್ದು. ವಿಮಾನ ನಿಲ್ದಾಣಗಳಲ್ಲಿ ಪಾಸ್‌ಪೋರ್ಟ್ ಪರೀಕ್ಷಿಸುವ ಅಧಿಕಾರಿಗಳನ್ನು ನೋಡುತ್ತ ನಿಂತಾಗ ಅವರಿಗೆ ಇದರ ಕಲ್ಪನೆ ಹೊಳೆಯಿತಂತೆ. ಕಾಲ 1982. ಆರ್‌ಸ್ಟೊಟ್ಸ್‌ಕ ಎಂಬ ಕಾಲ್ಪನಿಕ ದೇಶ. ನೆರೆಯ ದೇಶದೊಡನೆ ಆರು ವರ್ಷದ ಯುದ್ಧ ಮುಗಿದು, ಗಡಿ ಈಗಷ್ಟೇ ತೆರೆದಿದೆ. ಸರ್ಕಾರದ ಲಾಟರಿಯಲ್ಲಿ ನಿಮಗೆ ಕೆಲಸ ಸಿಕ್ಕಿದೆ: ಗ್ರೆಸ್ಟಿನ್ ಎಂಬ ಊರಿನ ತನಿಖಾ ಠಾಣೆಯಲ್ಲಿ ಕುಳಿತು, ಬರುವವರ ಕಾಗದ ನೋಡಿ ಮುದ್ರೆ ಒತ್ತುವುದು. ಹಸಿರು ಮುದ್ರೆಯಾದರೆ ಪ್ರವೇಶ, ಕೆಂಪು ಮುದ್ರೆಯಾದರೆ ನಿರಾಕರಣೆ. ಇಷ್ಟೇ ಆಟ.

ಸರಿಯಾಗಿ ಪರೀಕ್ಷಿಸಿದ ಪ್ರತಿ ವ್ಯಕ್ತಿಗೆ ಐದು ನಾಣ್ಯದ ಕೂಲಿ. ದಿನದ ಕೊನೆಗೆ ಲೆಕ್ಕದ ಹಾಳೆ ಬರುತ್ತದೆ. ಬಾಡಿಗೆ ಕಳೆದು ಉಳಿದುದರಲ್ಲಿ ಊಟ, ಚಳಿಗೆ ಬೆಂಕಿ, ಕಾಯಿಲೆಗೆ ಔಷಧ. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ. ಇವರ ಮುಖವನ್ನು ಆಟ ತೋರಿಸುವುದೇ ಇಲ್ಲ ಎನ್ನಬಹುದು. ಹೆಸರಿನ ಮುಂದೆ ‘ಹಸಿದಿದ್ದಾರೆ’, ‘ಚಳಿಯಲ್ಲಿದ್ದಾರೆ’, ‘ಕಾಯಿಲೆ’ ಎಂದು ಬರೆದಿರುತ್ತದೆ, ಅಷ್ಟೆ. ದಿನಗಳೆದಂತೆ ನಿಯಮಗಳು ಹೆಚ್ಚುತ್ತವೆ. ಇಂದು ಪಾಸ್‌ಪೋರ್ಟ್ ಸಾಕು. ನಾಳೆ ಪ್ರವೇಶಪತ್ರವೂ ಬೇಕು. ಆಮೇಲೆ ಕೆಲಸದ ಪರವಾನಗಿ. ನಿಮ್ಮ ಮೇಜೋ ಅಂಗೈಯಗಲ. ಕಾಗದದ ಮೇಲೆ ಕಾಗದ ಬಿದ್ದು, ಯಾವ ಊರಿನ ಹೆಸರು, ಯಾವ ತಾರೀಖು, ಯಾವ ಮುದ್ರೆ ಎಂದು ಹುಡುಕುವಷ್ಟರಲ್ಲಿ ಗಡಿಯಾರ ಓಡುತ್ತಿರುತ್ತದೆ. ಈ ಇಕ್ಕಟ್ಟು ರಚನೆಯ ದೋಷವಲ್ಲ, ಬೇಕೆಂದೇ ಮಾಡಿದ್ದು.

ಇದರಲ್ಲಿ ಮೋಜೆಲ್ಲಿ? ಗುಮಾಸ್ತೆಗಿರಿಯನ್ನು ಮೋಜೆಂದು ಕರೆದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಐದನೆಯ ದಿನ ಒಬ್ಬ ಗಂಡಸು ಬರುತ್ತಾನೆ. ಅವನ ಕಾಗದಗಳೆಲ್ಲ ಕ್ರಮವಾಗಿವೆ. ಹಸಿರು ಮುದ್ರೆ ಪಡೆದು ಹೋಗುವಾಗ, ಹಿಂದೆಯೇ ನನ್ನ ಹೆಂಡತಿ ಬರುತ್ತಿದ್ದಾಳೆ, ಅವಳ ವಿಷಯದಲ್ಲಿ ದಯೆ ಇರಲಿ ಎಂದು ಹೇಳುತ್ತಾನೆ. ಹೆಂಡತಿ ಬರುತ್ತಾಳೆ. ಅವಳ ಬಳಿ ಪ್ರವೇಶಪತ್ರವಿಲ್ಲ. ತನಗೆ ಅದನ್ನು ಕೊಡಲಿಲ್ಲವೆಂದೂ, ಹಿಂದಕ್ಕೆ ಕಳಿಸಿದರೆ ತನ್ನನ್ನು ಕೊಲ್ಲುವರೆಂದೂ ಹೇಳುತ್ತಾಳೆ. ಆಟ ಅಲ್ಲಿ ನಿಲ್ಲುತ್ತದೆ. ಸಂಗೀತವಿಲ್ಲ, ಉಪದೇಶವಿಲ್ಲ. ಎರಡು ಮುದ್ರೆಗಳು ನಿಮ್ಮ ಕೈಗೆ ಎಟುಕುವಂತಿವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ದಿನದ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆಯ ಚೀಟಿ ಮಾತ್ರ ಬರುತ್ತದೆ. ಮೂರನೆಯದರಿಂದ ಕೂಲಿಯಲ್ಲಿ ಕಡಿತ. ಎಂದರೆ ದಿನಕ್ಕೆ ಎರಡು ಬಾರಿ ನೀವು ಪುಕ್ಕಟೆಯಾಗಿ ದಯಾವಂತರಾಗಬಹುದು. ಆದರೆ ಬೆಳಗ್ಗೆ ಅಜಾಗರೂಕತೆಯಿಂದ ಎರಡು ಮುದ್ರೆಗಳನ್ನು ತಪ್ಪಾಗಿ ಒತ್ತಿದ್ದರೆ, ಮಧ್ಯಾಹ್ನ ಆ ಹೆಂಗಸು ಬಂದು ನಿಂತಾಗ ನಿಮ್ಮ ದಯೆಯ ಪಾಲು ಮುಗಿದಿರುತ್ತದೆ. ಈಗಿನ ಕರುಣೆಗೆ ಮಗನ ಔಷಧವೇ ಬೆಲೆ. ಕೆಲಸದಲ್ಲಿ ನಿಷ್ಣಾತನಾದವನಿಗೆ ಮಾತ್ರ ಕರುಣೆ ತೋರಲು ಅವಕಾಶ ಉಳಿಯುತ್ತದೆ ಎಂಬ ಈ ಮಾತನ್ನು ಆಟ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಲೆಕ್ಕದ ಮೂಲಕ ನಮಗೇ ಗೊತ್ತಾಗುವಂತೆ ಮಾಡುತ್ತದೆ. ಇನ್ನು ಕೆಲವು ದಿನ ಕಳೆದರೆ ಕಾವಲುಗಾರನೊಬ್ಬ ಬಂದು, ಹೆಚ್ಚು ಜನರನ್ನು ಬಂಧನಕ್ಕೆ ಕಳಿಸಿದರೆ ತನಗೆ ಬರುವ ಹಣದಲ್ಲಿ ಪಾಲು ಕೊಡುವೆನೆನ್ನುತ್ತಾನೆ. ಸುಮ್ಮನೆ ಹಿಂದಕ್ಕೆ ಕಳಿಸಬಹುದಾಗಿದ್ದವನನ್ನು ಬಂಧಿಸಲು ಕೈ ಹೋಗುತ್ತದೆ. ಮನೆಯಲ್ಲಿ ಚಳಿ ಇದೆಯಲ್ಲ!

ಇದನ್ನು ಕರುಣರಸವೆನ್ನೋಣವೆ? ನೋವನ್ನು ನೋಡಿ ಸಹೃದಯನು ಹೇಗೆ ಸಂತೋಷಪಡುತ್ತಾನೆ ಎಂಬುದು ನಮ್ಮ ಆಲಂಕಾರಿಕರು ಬಹುಕಾಲ ಚರ್ಚಿಸಿದ ಪ್ರಶ್ನೆ. ಭರತನು ಹೇಳಿದ ಎಂಟು ರಸಗಳಲ್ಲಿ ಹಾಸ್ಯವೂ ಒಂದು, ಅಷ್ಟೆ. ಕರುಣ, ಭಯಾನಕ, ಬೀಭತ್ಸಗಳಿಗೂ ಅದರ ಪಕ್ಕದಲ್ಲಿ ಸಮಾನ ಸ್ಥಾನವಿದೆ. ಬೀಭತ್ಸವನ್ನು ಸಹ ರಸವೆಂದು ಒಪ್ಪಿದ ಪರಂಪರೆಗೆ, ಮೋಜಿಲ್ಲದ ಆಟ ಎಂಬ ಮಾತು ವಿರೋಧಾಭಾಸವಾಗಿ ಕೇಳಬೇಕಾಗಿಲ್ಲ. ಭಟ್ಟನಾಯಕನು ಕೊಟ್ಟ, ಅಭಿನವಗುಪ್ತನು ಬೆಳೆಸಿದ ಸಮಾಧಾನ ಸ್ಥೂಲವಾಗಿ ಹೀಗೆ: ರಂಗದ ಮೇಲಿನ ಶೋಕ ರಾಮನದೂ ಅಲ್ಲ, ನನ್ನದೂ ಅಲ್ಲ; ಅದು ಸಾಧಾರಣೀಕರಣಗೊಂಡಿದೆ. ಆದುದರಿಂದಲೇ ಅದು ನನ್ನನ್ನು ಕುಗ್ಗಿಸದೆ ಆಸ್ವಾದ್ಯವಾಗುತ್ತದೆ.

ಇಲ್ಲಿಯೇ ವಿಡಿಯೊ ಆಟ ಬೇರೆ ದಾರಿ ಹಿಡಿಯುತ್ತದೆ. ಅಭಿಮನ್ಯು ಸಾಯುವುದನ್ನು ನಾನು ನೋಡಿದೆ, ಕೊಂದವನು ನಾನಲ್ಲ. ಚಕ್ರವ್ಯೂಹದ ಬಾಗಿಲನ್ನು ತೆರೆಯುವ ಅಧಿಕಾರ ಪ್ರೇಕ್ಷಕನಿಗಿಲ್ಲ. ಆದುದರಿಂದ ಅವನು ನಿರಾಳವಾಗಿ ಅಳಬಲ್ಲ. ಗ್ರೆಸ್ಟಿನ್ ಠಾಣೆಯಲ್ಲಿ ಕೆಂಪು ಮುದ್ರೆ ಒತ್ತಿದವನು ನಾನು. ಆ ಹೆಂಗಸು ಸುಳ್ಳು. ಆ ದೇಶ ಸುಳ್ಳು. ಆದರೆ ಒತ್ತಿದ ಬೆರಳು, ಒತ್ತುವ ಮುನ್ನ ಮನಸ್ಸು ಮಾಡಿದ ಲೆಕ್ಕ, ಎರಡೂ ನಿಜ. ಆಮೇಲೆ ಉಳಿಯುವ ಭಾವ ಕರುಣೆಯಲ್ಲ, ಒಂದು ಬಗೆಯ ಅಳುಕು. ಕಾವ್ಯ, ನಾಟಕ, ಚಲನಚಿತ್ರ ಇವು ನಮ್ಮನ್ನು ಮರುಗುವಂತೆ ಮಾಡಬಲ್ಲವು, ನಾಚುವಂತೆಯೂ ಮಾಡಬಲ್ಲವು. ಆದರೆ ‘ಇದನ್ನು ನೀನೇ ಮಾಡಿದೆ’ ಎಂದು ನಮ್ಮತ್ತ ಬೆರಳು ತೋರಿಸಲು ಅವಕ್ಕೆ ಸುಲಭವಲ್ಲ. ಆಟಕ್ಕೆ ಅದು ಸುಲಭ; ಅದರ ಸ್ವಂತ ಸೊತ್ತು ಅದು. ಈ ಸೊತ್ತನ್ನು ಬಳಸುವಾಗ ಮೋಜು ಕೆಲವೊಮ್ಮೆ ಅಡ್ಡಬರುತ್ತದೆ.

ಇದು ಒಂದೇ ಕೃತಿಯ ಮಾತಲ್ಲ. ಪೋಲೆಂಡಿನ ವಾರ್ಸಾ ನಗರದ ಸಂಸ್ಥೆಯೊಂದು 2014ರಲ್ಲಿ ‘ದಿಸ್ ವಾರ್ ಆಫ್ ಮೈನ್’ ಎಂಬ ಆಟವನ್ನು ತಂದಿತು. 1992ರಿಂದ 1996ರವರೆಗೆ ನಡೆದ ಸರಯೇವೊ ನಗರದ ಮುತ್ತಿಗೆ ಅದಕ್ಕೆ ಪ್ರೇರಣೆ. ಯುದ್ಧದ ಆಟಗಳೆಂದರೆ ಬಂದೂಕು ಹಿಡಿದ ವೀರನ ಆಟಗಳು ಎಂಬುದು ರೂಢಿ. ಇಲ್ಲಿ ನೀವು ಸೈನಿಕರಲ್ಲ. ಗುಂಡಿಗೆ ಹೆದರಿ ಪಾಳುಮನೆಯಲ್ಲಿ ಅಡಗಿರುವ ಕೆಲವು ಮಂದಿ ಸಾಮಾನ್ಯರು. ಹಗಲು ಒಲೆ ಹೊತ್ತಿಸುವುದು, ಮಳೆನೀರು ಸೋಸುವುದು. ರಾತ್ರಿ ಹೊರಗೆ ಹೋಗಿ ಅನ್ನ, ಔಷಧ ಹುಡುಕುವುದು. ಒಂದು ಮನೆಯಲ್ಲಿ ವೃದ್ಧ ದಂಪತಿಗಳು ಮಾತ್ರ ಇದ್ದಾರೆ. ಅವರ ಬಳಿ ಬೇಕಾದುದೆಲ್ಲ ಇದೆ. ತಡೆಯುವ ಶಕ್ತಿ ಅವರಿಗಿಲ್ಲ. ದೋಚಿಕೊಂಡು ಬಂದರೆ ಆ ರಾತ್ರಿ ಹೊಟ್ಟೆ ತುಂಬುತ್ತದೆ. ಆದರೆ ನಿಮ್ಮ ಮನೆಯ ಜನ ಮಂಕಾಗುತ್ತಾರೆ. ಮಾಡಿದ ಕೆಲಸವನ್ನು ನೆನೆದು ಕೊರಗುತ್ತಾರೆ. 2020ರಲ್ಲಿ ಪೋಲೆಂಡಿನ ಸರ್ಕಾರ ಈ ಆಟವನ್ನು ಶಾಲೆಗಳಿಗೆ ಸೂಚಿಸುವ ಪೂರಕ ಪಠ್ಯಗಳ ಪಟ್ಟಿಗೆ, 18 ವರ್ಷ ತುಂಬಿದವರಿಗಾಗಿ, ಸೇರಿಸುವುದಾಗಿ ಪ್ರಕಟಿಸಿತು. ಎರಡನೆಯ ಮಹಾಯುದ್ಧದಲ್ಲಿ ತನ್ನ ರಾಜಧಾನಿಯೇ ಪಾಳುಬಿದ್ದುದನ್ನು ಕಂಡ ದೇಶಕ್ಕೆ ಇದು ಮಕ್ಕಳಾಟವೆಂದು ತೋರದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯ ಉದಾಹರಣೆ ಇನ್ನೂ ಕಠಿನವಾದುದು. ಅಮೆರಿಕದ ರಯನ್ ಗ್ರೀನ್, ಏಮಿ ಗ್ರೀನ್ ದಂಪತಿಗಳ ಮಗ ಜೋಯೆಲ್‌ಗೆ ಒಂದು ವರ್ಷದ ವಯಸ್ಸಿನಲ್ಲೇ ಮೆದುಳಿನ ಕ್ಯಾನ್ಸರ್ ಕಾಣಿಸಿಕೊಂಡಿತು. ಮಗುವಿನ ಕಾಯಿಲೆಯ ನಡುವೆಯೇ ಅವರು ಆ ಅನುಭವವನ್ನು ಆಟವಾಗಿ ರಚಿಸತೊಡಗಿದರು. 2014ರಲ್ಲಿ, ಐದನೆಯ ವಯಸ್ಸಿನಲ್ಲಿ, ಮಗು ತೀರಿಕೊಂಡಿತು. 2016ರ ಜನವರಿಯಲ್ಲಿ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಹೊರಬಂತು. ಅದರಲ್ಲಿ ಆಸ್ಪತ್ರೆಯ ಒಂದು ರಾತ್ರಿಯ ದೃಶ್ಯವಿದೆ. ಮಗು ಅಳುತ್ತಿದೆ. ಆಡುವವನು ತಂದೆಯ ಸ್ಥಾನದಲ್ಲಿದ್ದಾನೆ. ಎತ್ತಿಕೊಳ್ಳಬಹುದು, ಆಡಿಸಬಹುದು, ಕುಡಿಸಲು ನೋಡಬಹುದು. ಏನು ಮಾಡಿದರೂ ಅಳು ನಿಲ್ಲುವುದಿಲ್ಲ. ಆಟವೆಂದರೆ ಗುಂಡಿ ಒತ್ತಿದರೆ ಫಲ ದೊರೆಯಬೇಕೆಂಬ ಒಪ್ಪಂದ. ಆ ಒಪ್ಪಂದವನ್ನು ಮುರಿದೇ ಈ ಆಟ ತನ್ನ ಮಾತನ್ನು ಹೇಳುತ್ತದೆ. ಕಾಯಿಲೆಯ ಮಗುವಿನ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತ ತಂದೆತಾಯಿಗಳಿಗೆ ಗೊತ್ತಿರುವ ಆ ನಿಸ್ಸಹಾಯತೆ ನಮ್ಮ ಕೈಗೇ ದಾಟಿಬರುತ್ತದೆ. ಇದಕ್ಕೆ ‘ಮೋಜಿದೆಯೆ?’ ಎಂಬ ಪ್ರಶ್ನೆಯನ್ನು ಹಾಕುವ ಧೈರ್ಯ ನನಗಂತೂ ಇಲ್ಲ.

ಹಾಗಾದರೆ ಬೇಸರ ತರಿಸಿದ್ದೆಲ್ಲ ಶ್ರೇಷ್ಠವೆ? ಅಲ್ಲ. ಈ ಪ್ರಶ್ನೆಗೆ ಉತ್ತರವಾಗಿ ಒಂದು ಪರಿಹಾಸ್ಯದ ಕೃತಿಯೇ ಇದೆ. 1993ರಲ್ಲಿ ಅಮೆರಿಕದ ಸೆನೆಟ್ ಸಭೆಯಲ್ಲಿ ವಿಡಿಯೊ ಆಟಗಳ ಹಿಂಸೆಯನ್ನು ಕುರಿತು ವಿಚಾರಣೆ ನಡೆದು ದೊಡ್ಡ ಗದ್ದಲವಾಗಿತ್ತು. ಅಂಥ ಟೀಕಾಕಾರರನ್ನು ಅಣಕಿಸಲೆಂದು ಪೆನ್ ಮತ್ತು ಟೆಲ್ಲರ್ ಎಂಬ ಜಾದೂಗಾರ ಜೋಡಿ ‘ಡೆಸರ್ಟ್ ಬಸ್’ ಎಂಬ ಆಟವನ್ನು ಮಾಡಿಸಿತು. 1995ರಲ್ಲಿ ಸಿದ್ಧವಾದರೂ ಅಂಗಡಿಗೆ ಬರಲಿಲ್ಲ. ಟೂಸಾನ್ ನಗರದಿಂದ ಲಾಸ್ ವೇಗಸ್‌ಗೆ ಖಾಲಿ ಬಸ್ಸು ನಡೆಸಬೇಕು. ವೇಗ ಗಂಟೆಗೆ ಸುಮಾರು 72 ಕಿಲೋಮೀಟರ್ ಮೀರದು. ದಾರಿ ಮರುಭೂಮಿ, ನೇರ ರಸ್ತೆ, ನಿಜವಾದ ಎಂಟು ಗಂಟೆಯ ಪ್ರಯಾಣ. ಬಸ್ಸು ಸ್ವಲ್ಪ ಬಲಕ್ಕೆ ಎಳೆಯುವುದರಿಂದ ಚಕ್ರ ಬಿಟ್ಟು ಏಳುವಂತಿಲ್ಲ. ಊರು ತಲುಪಿದರೆ ದೊರೆಯುವುದು ಒಂದು ಅಂಕ! ನಿರಪಾಯವಾದ, ಯಾರಿಗೂ ಕೇಡಿಲ್ಲದ ಆಟ ಬೇಕೆಂದಿರಲ್ಲ, ಇಗೊಳ್ಳಿ ಎಂಬ ಕುಚೋದ್ಯ ಅದು. ಆದರೂ 2007ರಿಂದ ಕೆನಡಾದ ಒಂದು ಗುಂಪು ಇದೇ ಆಟವನ್ನು ವರ್ಷಕ್ಕೊಮ್ಮೆ ಹಗಲೂ ರಾತ್ರಿ ಆಡಿ, ನೋಡುವವರಿಂದ ರೋಗಿಷ್ಠ ಮಕ್ಕಳಿಗಾಗಿ ದೇಣಿಗೆ ಕೂಡಿಸತೊಡಗಿತು. ಮೋಜಿಲ್ಲದ ಆಟಕ್ಕೆ ಬೆಲೆ ತಂದುಕೊಟ್ಟುದು ಅದನ್ನು ಆಡಿದವರ ಸಂಕಲ್ಪ. ಆಟದ ಬೇಸರಕ್ಕೆ ತನ್ನಷ್ಟಕ್ಕೆ ಬೆಲೆಯಿರಲಿಲ್ಲ.

ಆದುದರಿಂದ ಅಳತೆಗೋಲನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಆಟ ಮೋಜಾಗಿರಲೇಬೇಕಾಗಿಲ್ಲ, ಆದರೆ ನಮ್ಮನ್ನು ಹಿಡಿದಿಡಬೇಕು. ಹಿಡಿದಿಟ್ಟು, ನಮ್ಮ ಕೈಯಿಂದ ಏನೋ ಮಾಡಿಸಿ, ಮಾಡಿದ್ದರ ಅರ್ಥವನ್ನು ನಮಗೆ ತೋರಿಸಬೇಕು. ‘ಪೇಪರ್ಸ್, ಪ್ಲೀಸ್’ ಆಟದ ದುಗುಡ ಆ ಕೆಲಸ ಮಾಡುತ್ತದೆ. ಸುಮ್ಮನೆ ಕಷ್ಟಕೊಡುವ, ಸುಮ್ಮನೆ ಕತ್ತಲೆ ಕವಿಸುವ ಆಟಗಳೂ ಉಂಟು. ಅಳಿಸುವುದೇ ಹಿರಿಮೆಯೆಂದು ತಿಳಿದ ನಾಟಕಗಳು ಇಲ್ಲವೆ, ಹಾಗೆ.

ಮೋಜನ್ನು ಹೀಗಳೆಯುವುದೂ ನನ್ನ ಅಭಿಪ್ರಾಯವಲ್ಲ. ದಿನವೆಲ್ಲ ದುಡಿದು ಬಂದವನು ಬಣ್ಣದ ಇಟ್ಟಿಗೆಗಳನ್ನು ಜೋಡಿಸುತ್ತ ಅರ್ಧ ಗಂಟೆ ಮೈಮರೆತರೆ ಅದು ಮನಸ್ಸಿಗೆ ಆರೋಗ್ಯವೇ. ಗಮನಿಸಬೇಕಾದದ್ದು ಇನ್ನೊಂದು: ಮೋಜಿನ ವೇಷ ಹಾಕಿದ ಚಟ. ಒಳಗೆ ಏನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ಹಣ ಕೊಟ್ಟು ತೆರೆಯುವಂತೆ ಮಾಡುವ ಆಟಗಳನ್ನು 2018ರಲ್ಲಿ ಬೆಲ್ಜಿಯಂ ದೇಶದ ಅಧಿಕಾರಿಗಳು ಜೂಜಿನ ಕಾನೂನಿನ ಕೆಳಗೆ ತಂದರು. ಅವುಗಳನ್ನು ಆಡುವವನಿಗೆ ಎಷ್ಟೋ ವೇಳೆ ಸಂತೋಷವೂ ಇರುವುದಿಲ್ಲ, ಬಿಡಲಾಗದು, ಅಷ್ಟೆ. ನನ್ನ ಮೊಮ್ಮಗಳೂ ‘ಬಿಡಕ್ಕಾಗ್ತಿಲ್ಲ’ ಎಂದಿದ್ದಳಲ್ಲ ಎಂದು ನೀವು ಕೇಳಬಹುದು. ವ್ಯತ್ಯಾಸ ಇಷ್ಟೇ: ಒಂದು ಆಟ ಮುಗಿದ ಮೇಲೆ ಯೋಚನೆ ಶುರುವಾಗುತ್ತದೆ, ಇನ್ನೊಂದು ಯೋಚನೆಗೆ ಎಡೆಯಾಗದಿರಲೆಂದು ಮುಗಿಯುವುದೇ ಇಲ್ಲ. ಮಕ್ಕಳು ಏನು ಆಡುತ್ತಾರೆಂದು ನೋಡುವ ಹಿರಿಯರು ‘ಮೋಜೆ, ಅಲ್ಲವೆ?’ ಎಂದು ಕೇಳುವ ಬದಲು ಈ ವ್ಯತ್ಯಾಸವನ್ನು ಕೇಳಿದರೆ ಮೇಲು. ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕುಳಿತು ಕೇಳಿದರೆ ಇನ್ನೂ ಮೇಲು.

ಕೊನೆಗೆ ಸ್ವಂತದ ಒಂದು ಮಾತು. ನಾನು ಮೂವತ್ತು ವರ್ಷ ಒಂದು ಕಚೇರಿಯ ಕಿಟಕಿಯ ಹಿಂದೆ ಕುಳಿತು ಅರ್ಜಿಗಳನ್ನು ನೋಡಿದವನು. ಒಮ್ಮೆ ವಯಸ್ಸಾದ ಹೆಂಗಸೊಬ್ಬರು ಎರಡು ಕಾಗದ ತಂದರು. ಒಂದರಲ್ಲಿ ಅವರ ಹೆಸರು ಒಂದು ರೀತಿ, ಇನ್ನೊಂದರಲ್ಲಿ ಬೇರೆ ರೀತಿ ಬರೆದಿತ್ತು. ತಿದ್ದಿಸಿಕೊಂಡು ಬನ್ನಿ ಎಂದು ಹಿಂದಕ್ಕೆ ಕಳಿಸಿದೆ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಅವರು ಎಲ್ಲಿಂದ ಬಂದಿದ್ದರೆಂದು ಕೇಳಲಿಲ್ಲ. ಮತ್ತೆ ಅವರು ಬರಲೂ ಇಲ್ಲ. ಕರುಣರಸದ ಕೃತಿಗಳನ್ನು ಆ ವರ್ಷಗಳಲ್ಲೆಲ್ಲ ಓದುತ್ತಿದ್ದೆ, ಕಣ್ಣೀರನ್ನೂ ಹಾಕಿದ್ದೆ. ಆ ಹೆಂಗಸಿನ ನೆನಪು ಒಮ್ಮೆಯೂ ಆಗಿರಲಿಲ್ಲ. ಪ್ರವೇಶಪತ್ರವಿಲ್ಲದ ಆ ಬೊಂಬೆಯಂಥ ಆಕೃತಿ ತೆರೆಯ ಮೇಲೆ ನಿಂತು, ನನ್ನ ಕೈ ಕೆಂಪು ಮುದ್ರೆಯತ್ತ ಹೋದಾಗ ಆಯಿತು.

ಅಂದು ನಾನು ಹಸಿರು ಮುದ್ರೆ ಒತ್ತಿದೆ. ಎಚ್ಚರಿಕೆಯ ಚೀಟಿ ಬಂತು. ಮೊಮ್ಮಗಳು ನಕ್ಕು ‘ತಾತ, ತಪ್ಪು ಮಾಡಿದ್ರಿ’ ಎಂದಳು. ಮೋಜಾಗಿತ್ತೆ ಎಂದು ಯಾರಾದರೂ ಕೇಳಿದ್ದರೆ ಇಲ್ಲವೆನ್ನುತ್ತಿದ್ದೆ. ಆಟ ಹೇಗಿತ್ತು ಎಂದು ಕೇಳಿದ್ದರೆ, ಬೆಳಗಿನ ಜಾವ ಬಯಲಿನಿಂದ ಮನೆಗೆ ಮರಳುವ ಆ ಪ್ರೇಕ್ಷಕನಂತೆಯೇ, ‘ಚೆನ್ನಾಗಿತ್ತು’ ಎಂದು ಹೇಳುತ್ತಿದ್ದೆ.